ನನ್ನ ಕಾಲಿನ ನಾರು, ಶಾಂತವ್ವನ ಬಾವಿ

ನಾರುಹುಣ್ಣಾಗಿ ಮಲಗಿದವರನ್ನು ನೋವಿಗಿಂತ ಹೆಚ್ಚು ಕಾಡುವವರು ನೋಡಲು ಬರುವ ಜನ. ಒಬ್ಬರೂ ಬರಿಗೈಯಲ್ಲಿ ಬರುವುದಿಲ್ಲ, ಒಂದು ಕಾರಣ ಹಿಡಿದುಕೊಂಡು ಬರುತ್ತಾರೆ. ಹಾಸಿಗೆಯ ಪಕ್ಕ ಕೂತು, ಕಾಲನ್ನೊಮ್ಮೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಈ ಬೇನೆ ನಿನಗೇ ಯಾಕೆ ಬಂತು ಎಂದು ತಿಳಿಸಿ ಎದ್ದು ಹೋಗುತ್ತಾರೆ. ಜೋಳದ ಕಣಕಿಯ ಬಣವೆಯಲ್ಲಿ ಹಾವು ಹೊಡೆಸಿದ್ದಕ್ಕೆ ಬಂತು ಎಂದರು. ಹರಕೆಯ ಸೀರೆ ಉಡಿಸದೆ ಬಿಟ್ಟಿದ್ದಕ್ಕೆ ಬಂತು ಎಂದರು. ದೇವಾಪುರದ ನಾದಿನಿ ಗಾಡಿ ಕಟ್ಟಿಸಿಕೊಂಡು ಬಂದು, ನಾನು ಮಗಳಿಗಾಗಿ ಸಾಕಷ್ಟು ಅಳಲಿಲ್ಲ, ಒಳಗೇ ಉಳಿದ ಕಣ್ಣೀರು ನೂಲಾಗಿ ಕಾಲಿನಿಂದ ಬರುತ್ತಿದೆ ಎಂದಳು. ಅವಳಿಗೆ ಚಹ ಮಾಡಿಕೊಡಲು ಎದ್ದೇಳಲಾಗಲಿಲ್ಲ ಎಂಬುದೊಂದೇ ಆ ದಿನದ ಸಮಾಧಾನ.

ಈಗ ಹಾಗೆ ಮಲಗಿರುವ ಯಾರಾದರೂ ಇದನ್ನು ಓದಿದರೆ, ಅಥವಾ ಓದಲು ಬಾರದೆ ಯಾರಿಂದಲಾದರೂ ಓದಿಸಿಕೊಂಡರೆ, ನಾನು ನಿಮಗೆ ಹೊಸ ಕಾರಣ ಹೇಳಲು ಬಂದಿಲ್ಲ. ನನ್ನ ಕಾಲಿನಲ್ಲಿ ಏನಾಯಿತು, ನಮ್ಮ ಬಾವಿಗೆ ಏನಾಯಿತು ಎಂಬುದಷ್ಟನ್ನೇ ಬರೆಯುತ್ತೇನೆ.

ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವೆ. ನಾಲ್ಕೆಕರೆ ಮಳೆಯಾಶ್ರಿತ ಹೊಲ, ಹತ್ತಿಪ್ಪತ್ತು ಕುರಿ. ಸರಕಾರಿ ಶಾಲೆಗಳಲ್ಲಿ ಉರ್ದುವನ್ನೇ ಕಲಿಸುತ್ತಿದ್ದ ಆ ಕಾಲದಲ್ಲಿ, ನಮ್ಮಪ್ಪ ನನಗೆ ಮನೆಯ ಅಂಗಳದ ಮರಳಿನಲ್ಲಿ ಕನ್ನಡ ತಿದ್ದಿಸಿದ್ದ. ಅದರಿಂದಾಗಿ ದಿನದಿನದ್ದನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುವ ಚಟ ನನಗೆ. ಕುರಿ ಈದದ್ದು, ಮಳೆ ಬಂದದ್ದು, ಯಾರ ಮನೆಗೆ ಯಾರು ಬಂದರು ಎಂಬುದು. ಮಗಳು ತೀರಿಕೊಂಡ ದಿನದ ಅಂಚು ಮಾತ್ರ ಖಾಲಿ ಇದೆ.

ಶಾಂತವ್ವ ಹೋದದ್ದು ಸೀಮೆಯೆಲ್ಲ ಗಲಾಟೆಯ ಭಯದಲ್ಲಿದ್ದ ವರ್ಷ. ಜನ ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಊರೂರಿಗೆ ಒಂದೊಂದು ಸಾವಿನ ಸುದ್ದಿ, ಪ್ರತಿ ಸಾವಿಗೂ ಒಂದು ದೊಡ್ಡ ಕಾರಣ. ನನ್ನ ಮಗಳು ನೀರು ಸೇದಲು ಹೋಗಿ ಸತ್ತಳು. ಆಗ ನಮ್ಮ ಬಾವಿಗೆ ಕಟ್ಟೆ ಇರಲಿಲ್ಲ, ಬಾಯಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಇತ್ತು, ಅದರ ಮೇಲೆ ಕಾಲಿಟ್ಟು ಹಗ್ಗ ಎಳೆಯಬೇಕು. ತುಂಬಿದ ಕೊಡ ಆಕೆಯನ್ನೇ ಎಳೆದುಕೊಂಡಿತು. ಹತ್ತು ವರ್ಷದ ಹುಡುಗಿ. ಸತ್ತವರ ಹೆಸರು ಹೇಳಿ ಭಾಷಣ ಮಾಡುತ್ತಿದ್ದ ಆ ದಿನಗಳಲ್ಲಿ ನಮ್ಮ ಸಾವಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ, ಒಂದು ಹಗ್ಗ, ಒಂದು ಕೊಡ.

ನನ್ನ ಯಜಮಾನರು ಮಲ್ಲಣ್ಣ ಆರು ತಿಂಗಳು ಸುಮ್ಮನಿದ್ದರು. ಬೇಸಿಗೆ ಬಂದು ನೀರು ಇಳಿದಾಗ ಒಂದು ದಿನ ಹಾರೆ, ಸುತ್ತಿಗೆ, ಉಳಿ ಹಿಡಿದು ಬಾವಿಗೆ ಹೋದರು. ಬಾವಿಯ ಒಂದು ಮಗ್ಗುಲು ಕಡಿದು ಮೆಟ್ಟಿಲು ಇಳಿಸತೊಡಗಿದರು. "ಇನ್ನ ಯಾರ ಮಗಳೂ ಹಗ್ಗ ಎಳೀಬಾರದು. ಇಳದು ತುಂಬಿಕೊಂಡು ಬರಬೇಕು," ಎಂದರು. ಎರಡು ಬೇಸಿಗೆ ಕಡಿದರು. ಮಧ್ಯದ ಮಳೆಗಾಲದಲ್ಲಿ ಸಂಸ್ಥಾನ ಹಿಂದೂಸ್ತಾನಕ್ಕೆ ಸೇರಿತು, ಊರಲ್ಲಿ ಸಕ್ಕರೆ ಹಂಚಿದರು. ಇವರು ಆ ದಿನವೂ ಉಳಿ ಸಾಣೆ ಹಿಡಿಯುತ್ತ ಕೂತಿದ್ದರು. ಕೊನೆಗೆ ಹದಿನೇಳು ಮೆಟ್ಟಿಲಾದವು. ಊರಿನ ಹೆಂಗಸರು ಇಳಿದು, ಪಾದ ತೊಳೆದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ಮುಳುಗಿಸಿ, "ತಣ್ಣಗಿರು ಶಾಂತವ್ವಾ" ಎಂದು ಹೇಳಿ ಹತ್ತುತ್ತಿದ್ದರು. ಶಾಂತವ್ವನ ಬಾವಿ ಎಂದೇ ಹೆಸರಾಯಿತು. ಆ ಮಾತು ಕೇಳಿದ ದಿನ ನಮ್ಮ ಯಜಮಾನರು ಎರಡು ರೊಟ್ಟಿ ಹೆಚ್ಚು ತಿಂದರು. ನಾನು ಅದನ್ನೂ ಬರೆದಿಟ್ಟಿದ್ದೇನೆ.

ಇದಾಗಿ ಎರಡನೆಯ ಬೇಸಿಗೆಯಲ್ಲಿ ನನ್ನ ಎಡಗಾಲಿನ ಹರಡಿನ ಮೇಲೆ, ಪಾದದ ಕೀಲಿನಲ್ಲಿ, ಒಂದು ಗುಳ್ಳೆ ಎದ್ದಿತು. ಕೆಂಡ ಇಟ್ಟಂಥ ಉರಿ. ಅರಿಶಿನ ಹಚ್ಚಿದೆ, ಬೆಣ್ಣೆ ಹಚ್ಚಿದೆ, ಯಾವುದಕ್ಕೂ ಜಗ್ಗಲಿಲ್ಲ. ನೀರಿನಲ್ಲಿಟ್ಟರೆ ಮಾತ್ರ ತಣ್ಣಗಾಗುತ್ತಿತ್ತು. ಹಾಗಾಗಿ ನಾಲ್ಕು ದಿನ ಬೆಳಿಗ್ಗೆ ನಮ್ಮ ಬಾವಿಗೆ ಇಳಿದು, ಕೊನೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆ. ಆಹಾ, ಎಂಥ ಸುಖ. "ತಣ್ಣಗ ಅದವ್ವಾ ನಿನ್ನ ನೀರು," ಎಂದು ಮಗಳಿಗೆ ಹೇಳಿದೆ. ಆಕೆ ನನ್ನ ಕಾಲು ನೀವುತ್ತಿದ್ದಾಳೆ ಅನ್ನಿಸಿತು. ಈ ನಾಲ್ಕು ದಿನಗಳನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಐದನೆಯ ದಿನ ಗುಳ್ಳೆ ಒಡೆದ ಜಾಗದಲ್ಲಿ ಬಿಳಿ ನೂಲಿನ ತುದಿಯಂಥದ್ದು ಕಂಡಿತು. ನಮ್ಮತ್ತೆ ನೋಡಿದ ಕೂಡಲೇ, "ನಾರು," ಎಂದಳು.

ನಾರು ಎಂದರೆ ಹುಳ. ಮೈಯೊಳಗೆ ಮೊಳಗಟ್ಟಲೆ ಉದ್ದ ಬೆಳೆದು ಕಾಲಿನಲ್ಲಿ ಹೊರಗೆ ಬರುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಒಳಗೆ ಕೊಳೆತು ಕಾಲೇ ಹೋಗಬಹುದು. ಅದಕ್ಕೇ ತುದಿಯನ್ನು ಒಂದು ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಎಷ್ಟು ಬರುತ್ತದೋ ಅಷ್ಟೇ ಸುತ್ತಿ, ಕಡ್ಡಿಯನ್ನು ಕಾಲಿಗೆ ಕಟ್ಟಿ ಮರುದಿನದವರೆಗೆ ಕಾಯಬೇಕು. ನಮ್ಮತ್ತೆಯ ಕೈ ಆ ಕೆಲಸಕ್ಕೆ ಬಹಳ ಹಗುರ. ಇಡೀ ದಿನ ನನ್ನನ್ನು ಬೈಯುವ ಬಾಯಿ ಆ ಹೊತ್ತಿಗೆ ಮುಚ್ಚಿರುತ್ತಿತ್ತು. ಉಸಿರು ಹಿಡಿದು ಸುತ್ತುತ್ತಿದ್ದಳು. ಸುತ್ತಿ ಮುಗಿದ ಮೇಲೆ, "ಹಾವ ಹೊಡಸಬ್ಯಾಡ ಅಂತ ಬಡಕೊಂಡೆ. ಕೇಳಿದೀ? ಈಗ ಹಾವು ಕಾಲಾಗ ಕುಂತದ," ಎನ್ನುತ್ತಿದ್ದಳು.

ನಾನು ಅಂಚಿನಲ್ಲಿ ಬರೆಯುತ್ತಿದ್ದೆ. ಸೋಮವಾರ ಎರಡು ಬೆರಳು. ಮಂಗಳವಾರ ಒಂದು. ಬುಧವಾರ ಏನೂ ಇಲ್ಲ. ಗುರುವಾರ ಅರ್ಧ.

ಹತ್ತು ದಿನಕ್ಕೆ ಜ್ವರ ಬಂತು. ಯಜಮಾನರು ಗಾಡಿ ಕಟ್ಟಿ ಶಹಾಪುರಕ್ಕೆ, ಅಲ್ಲಿಂದ ಮೋಟರಿನಲ್ಲಿ ಭೀಮಾ ನದಿ ದಾಟಿ ಯಾದಗಿರಿಗೆ ಕರೆದುಕೊಂಡು ಹೋದರು. ಬಳ್ಳಾರಿ ಕಡೆಯಿಂದ ಹೊಸದಾಗಿ ಬಂದ ಡಾಕ್ಟರೊಬ್ಬರು ಅಲ್ಲಿ ಒಂದು ಮನೆಯಲ್ಲಿ ನೋಡುತ್ತಾರೆ ಎಂದು ಕೇಳಿದ್ದೆವು. ಪಡಸಾಲೆಯಲ್ಲಿ ಒಂದು ಬೆಂಚು, ಅದರ ಮೇಲೆ ಗಂಡಸರು. ನಾವು ಹೆಂಗಸರು ನೆಲದ ಮೇಲೆ. ಬೆಳಿಗ್ಗೆ ಕೂತವಳು ಮಧ್ಯಾಹ್ನ ದಾಟಿದರೂ ಕೂತೇ ಇದ್ದೆ. ಕಾಲು ಕೆಳಗಿಟ್ಟರೆ ಸಿಡಿಯುತ್ತಿತ್ತು, ಮೇಲಿಡಲು ಏನೂ ಇರಲಿಲ್ಲ. ಪಕ್ಕದಲ್ಲಿ ಗುರುಮಠಕಲ್ ಕಡೆಯ ಒಬ್ಬ ಹೆಂಗಸು, ಬರೀ ತೆಲುಗು. ನನ್ನ ಕಾಲು ನೋಡಿ, "ನೊಪ್ಪಾ?" ಎಂದಳು. ಹೂಂ, ನೋವು ಎಂದೆ. ತನ್ನ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಾಲನ್ನು ಎತ್ತಿ ಅದರ ಮೇಲಿಟ್ಟಳು. ಎರಡು ತಾಸು ಹಾಗೇ ಕೂತಳು. ಯಾಕೆ ಬಂತು ಎಂದು ಕೇಳಲಿಲ್ಲ. ಆ ವರ್ಷವೆಲ್ಲ ನನ್ನನ್ನು ಹಾಗೆ ಕೇಳದೆ ಬಿಟ್ಟವಳು ಅವಳೊಬ್ಬಳೇ.

ಡಾಕ್ಟರು ಚಿಕ್ಕ ವಯಸ್ಸಿನವರು. ಕಾಲು ನೋಡಿ, ತೊಳೆದು, ಹೊಸ ಪಟ್ಟಿ ಕಟ್ಟಿದರು. "ಇದಕ್ಕೆ ಔಷಧ ಅಂತ ಇಲ್ಲಮ್ಮ. ನಿಮ್ಮತ್ತೆ ಮಾಡ್ತಿರೋದೇ ಸರಿ. ಅವಸರ ಮಾಡಬೇಡಿ," ಎಂದರು. ಆಮೇಲೆ ಕೇಳಿದರು: "ಯಾವ ನೀರು ಕುಡೀತೀರಿ?"

"ಬಾವಿ ನೀರ್ರಿ."

"ಸೇದೋ ಬಾವಿನೋ, ಮೆಟ್ಟಿಲ ಬಾವಿನೋ?"

ಯಜಮಾನರು ಬಾಗಿಲ ಬಳಿ ನಿಂತಿದ್ದರು. ಅವರೇ ಮುಂದೆ ಬಂದರು. "ಮೆಟ್ಟಲ ಬಾವಿ ರೀ ಸಾಹೇಬ್ರ. ನಾನೇ ಕಡದೀನ್ರಿ, ಹದಿನೇಳು ಮೆಟ್ಟಲ."

ಡಾಕ್ಟರು ಅವರ ಮುಖ ನೋಡಲಿಲ್ಲ. ಪಟ್ಟಿಯ ತುದಿ ಹರಿಯುತ್ತ ಹೇಳಿದರು, "ಅಲ್ಲಿಂದಲೇ ಬಂದಿರೋದು. ಕಾಲಲ್ಲಿ ನಾರಿದ್ದವರು ನೀರಿಗೆ ಇಳೀತಾರೆ, ಹುಳ ಅಲ್ಲಿ ಮರಿ ಬಿಡುತ್ತೆ. ಆ ನೀರು ಕುಡಿದವರ ಹೊಟ್ಟೇಲಿ ಸೇರಿ ವರ್ಷಕ್ಕೆ ಹೀಗೆ ಕಾಲಲ್ಲಿ ಹೊರಗೆ ಬರುತ್ತೆ. ಹೋದ ಬೇಸಿಗೇಲಿ ಯಾರೋ ಇಳಿದಿದ್ದಾರೆ, ಅದನ್ನ ಈಗ ನೀವು ಅನುಭವಿಸ್ತಿದ್ದೀರಿ. ಮೆಟ್ಟಿಲು ಮುಚ್ಚಿಸಿ, ಕಟ್ಟೆ ಕಟ್ಟಿಸಿ ರಾಟೆ ಹಾಕಿಸಿ. ಅಲ್ಲೀವರೆಗೆ ಎಲ್ಲರೂ ಎರಡು ಪದರ ಬಟ್ಟೇಲಿ ಸೋಸಿ ಕುಡೀರಿ. ನೀವು ಈ ಕಾಲು ನೀರಿಗೆ ಇಟ್ಟಿಲ್ಲ ತಾನೆ?"

ನಾಲ್ಕು ದಿನ ಎಂದು ಹೇಳಲು ಬಾಯಿ ತೆರೆದೆ. ಯಜಮಾನರು ಪಕ್ಕದಲ್ಲಿದ್ದರು. "ಇಲ್ರಿ," ಎಂದೆ.

ಶಹಾಪುರದಲ್ಲಿ ಗಾಡಿ ಹತ್ತಿದ ಮೇಲೆ ಅವರು ಎತ್ತಿಗೆ ಹೇಳುವಂತೆ ಹೇಳಿದರು: "ನಿನ್ನೆ ಮೊನ್ನೆ ಬಂದ ಹುಡುಗ. ಅವಗೇನು ಮಾಲೂಮ್ ನಮ್ಮ ಸೀಮಿ ನೀರು?"

"ಖರೆ ಇದ್ದರ?" ಎಂದೆ.

"ಖರೆ ಇದ್ದರ ಏನ್ ಮಾಡ್ಲಿ? ಮತ್ತ ಹಗ್ಗ ಹಾಕ್ಲಿ? ಮತ್ತ ಹುಡುಗ್ಯಾರನ್ನ ಕಳಸ್ಲಿ ಎಳ್ಯಾಕ? ನೀ ಆಕಿನ್ನ ಎರಡನೇ ಸಲ ಬಾವ್ಯಾಗ ನೂಕಾಕತ್ತಿ, ತಿಳೀತೇನು?"

ಮುಂದೆ ಒಂದು ವರ್ಷ ನಮ್ಮ ನಡುವೆ ಈ ಮಾತು ಬೆಳೆಯಲೇ ಇಲ್ಲ. ಪ್ರತಿಸಲ ಇಲ್ಲಿಗೇ ಬಂದು ನಿಲ್ಲುತ್ತಿತ್ತು.

ಮನೆಗೆ ಬಂದ ಮೇಲೆ ನನ್ನ ತಾಳ್ಮೆ ಕೆಟ್ಟಿತು. ಒಳಗಿರುವುದು ಹಾವಿನ ಶಾಪವಲ್ಲ, ಮಗಳಿಗಾಗಿ ಅಳದೆ ಉಳಿದ ಕಣ್ಣೀರಲ್ಲ, ಬರೀ ಒಂದು ಹುಳ, ನಾನೇ ಕುಡಿದದ್ದು. ಅದು ನನ್ನ ಕಾಲಿನಲ್ಲಿ ಮಲಗಿ ದಿನಕ್ಕೆ ಅರ್ಧ ಬೆರಳು ಬಂದು ನನ್ನ ಮೇಲೆ ಉಪಕಾರ ಮಾಡುತ್ತಿದೆ. ಒಂದು ಮಧ್ಯಾಹ್ನ ಅತ್ತೆ ಹಟ್ಟಿಗೆ ಹೋಗಿದ್ದಳು. ಕಡ್ಡಿ ಬಿಚ್ಚಿ ಎಳೆದೆ. ನಾಲ್ಕು ಬೆರಳು ಬಂತು, ಖುಷಿಯಾಯಿತು, ಇನ್ನೂ ಎಳೆದೆ. ಪಟ್ಟನೆ ಹರಿದು ಉಳಿದದ್ದು ಒಳಗೆ ಸೇರಿಕೊಂಡಿತು.

ಮರುದಿನ ಕಾಲು ತೊಡೆಯವರೆಗೆ ಬಾತಿತು. ಮೂರು ಕಡೆ ಕೀವು ಕಟ್ಟಿ ಒಡೆಯಿತು. ಮುಂಗಾರು ಬಂದು, ಬಿತ್ತಿದ್ದು ಮೊಳಕೆಯೊಡೆದು ಮೊಣಕಾಲೆತ್ತರ ಬೆಳೆದರೂ ನಾನು ಮಲಗಿಯೇ ಇದ್ದೆ. ಅತ್ತೆ ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಬೇವಿನ ನೀರಿನಲ್ಲಿ ಗಾಯ ತೊಳೆಯುತ್ತ ಒಂದೇ ಒಂದು ಸಲ, "ನಾ ಇದ್ನಲ್ಲೇ, ನನ್ನ ಕೈ ಇದ್ದುವಲ್ಲ," ಎಂದಳು. ಹರಡು ಇಂದಿಗೂ ಮಡಚುವುದಿಲ್ಲ. ಕುಂಟುತ್ತಲೇ ನಡೆಯುತ್ತೇನೆ.

ಎದ್ದು ಕೂರುವಂತಾದ ಮೇಲೆ ಸೋಸುವ ಕೆಲಸಕ್ಕೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಧೋತರದ ಹಳೆಯ ಬಟ್ಟೆ ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿಸಿದೆ. ಯಜಮಾನರು ಆ ಕೊಡದ ನೀರು ಮುಟ್ಟದೆ ಬಾವಿಗೇ ಹೋಗಿ ಬೊಗಸೆಯಲ್ಲಿ ಕುಡಿದು ಬರುತ್ತಿದ್ದರು. ಓಣಿಯ ಹೆಂಗಸರಿಗೆ ಹೇಳಿದೆ. ಎದುರು ಮನೆಯ ಸಾಬವ್ವ ನನಗೆ ತಂಗಿಯಿದ್ದಂತೆ. ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಅಲ್ಲಕ್ಕಾ, ನಮಗ ಉಡಾಕ ಸೀರಿ ಇಲ್ಲ, ನೀ ನೀರಿಗಿ ಸೀರಿ ಉಡಸಾಕತ್ತಿಯಲ್ಲ!"

"ನಗಬ್ಯಾಡ ಸಾಬವ್ವಾ. ನೀರಾಗ ಹುಳ ಅವ."

"ಶಾಂತವ್ವನ ನೀರಾಗ? ಎಂಥ ಮಾತಕ್ಕಾ ಇದು. ಹೆತ್ತ ತಾಯಿ ಆಡೋ ಮಾತೇನು?"

ಇದೇ ಗೋಡೆ. ಹಾವಿನ ಶಾಪ ಎಂದಿದ್ದರೆ ಊರೆಲ್ಲ ಹಾಲೆರೆಯುತ್ತಿತ್ತು. ಬಟ್ಟೆ ಕಟ್ಟಿ ಎಂದರೆ ಮಗಳಿಗೆ ಅವಮಾನ. ನನ್ನ ಕಾಲು ನಾಲ್ಕು ದಿನ ಆ ನೀರಿನಲ್ಲಿತ್ತು ಎಂದು ಹೇಳಿದ್ದರೆ ಹೆದರಿಯಾದರೂ ಸೋಸುತ್ತಿದ್ದರೇನೋ. ಹೇಳಲಿಲ್ಲ. ಪಂಚಾಂಗದಲ್ಲಿ ಮಾತ್ರ ಆ ನಾಲ್ಕು ದಿನಗಳ ಎದುರು ಒಂದೊಂದು ಗೀಟು ಎಳೆದೆ. ಬರುವ ಬೇಸಿಗೆ ಎಂದು ಕಾಯುತ್ತ ಕೂತೆ. ಸುಳ್ಳಾಗಲಿ, ಆ ಡಾಕ್ಟರು ತಪ್ಪಿರಲಿ ಎಂದು ಬೇಡಿಕೊಂಡೆ.

ತಪ್ಪಿರಲಿಲ್ಲ. ಮರುವರ್ಷ ಬಿಸಿಲು ಏರುತ್ತಲೇ ಓಣಿಯಲ್ಲಿ ಒಬ್ಬೊಬ್ಬರೇ ಕಾಲು ಹಿಡಿದು ಕೂತರು. ಏಳು ಜನ. ಏಳನೆಯವಳು ಸಾಬವ್ವನ ಮಗಳು ಲಚಮಿ, ಎಂಟು ವರ್ಷ. ಶಾಂತವ್ವನ ಹಳೆಯ ಲಂಗ ಹಾಕಿಕೊಂಡು ನಮ್ಮ ಮನೆಯಲ್ಲೇ ಆಡಿಕೊಂಡಿರುತ್ತಿದ್ದ ಮಗು. ಯಜಮಾನರು ಪೇಟೆಗೆ ಹೋದರೆ ಆಕೆಗೆಂದು ಬತ್ತಾಸು ತರುತ್ತಿದ್ದರು. ಬೊಗಸೆಯಲ್ಲಿ ಕುಡಿಯುತ್ತಿದ್ದ ಇವರಿಗೆ ಏನೂ ಆಗಲಿಲ್ಲ. ಇದಕ್ಕೂ ಯಾರಾದರೂ ಕಾರಣ ಹೇಳುವುದಿದ್ದರೆ ನನ್ನ ಬಳಿ ಬರಬೇಡಿ.

ಒಂದು ಬೆಳಿಗ್ಗೆ ಸಾಬವ್ವ ನಮ್ಮ ಅಂಗಳಕ್ಕೆ ಬಂದಳು. ಯಜಮಾನರು ಕುರಿಗೆ ಹಗ್ಗ ಹೊಸೆಯುತ್ತಿದ್ದರು, ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಬಂದವಳು ಕೂರಲಿಲ್ಲ.

"ಮಲ್ಲಣ್ಣಾ, ಸಿಟ್ಟ ಮಾಡ್ಕೋಬ್ಯಾಡ್ರಿ. ಊರ ಮಂದಿ ಅನ್ನೂದು ನಾ ಹೇಳಾಕತ್ತೀನಿ. ಶಾಂತವ್ವನ ಜೀವ ಅಲ್ಲೇ ಉಳದದ. ಒಬ್ಬಾಕಿಗೇ ಬ್ಯಾಸರ. ಅದಕ್ಕ ಇಳದವ್ರ ಕಾಲ ಹಿಡದು ಜಗ್ಗಾಕತ್ತಾಳ. ನನ್ನ ಲಚಮಿನ್ನ ಜತಿಗಿ ಕರ್ಯಾಕತ್ತಾಳ. ಏನರ ಪೂಜಿ ಮಾಡಸ್ರಿ, ಕೈ ಮುಗೀತೀನಿ, ನನ್ನ ಮಗಳನ್ನ ಬಿಡಸ್ರಿ."

ಯಜಮಾನರ ಕೈಯಿಂದ ಹಗ್ಗ ಬಿಚ್ಚಿಕೊಂಡಿತು. ಎದ್ದು ನಿಂತರು. ಹೊಡೆಯುತ್ತಾರೇನೋ ಅಂದುಕೊಂಡೆ.

"ನನ್ನ ಮಗಳು ಯಾರ ಕಾಲೂ ಹಿಡಿಯಾಂಗಿಲ್ಲ," ಎಂದರು. "ಬದುಕಿದ್ದಾಗ ಇರಿವಿ ಸೈತ ತುಳೀಲಿಲ್ಲ ಆಕಿ. ಯಾವ ಬಾಯಿ ಹಾಂಗ ಅಂತದ, ನನ್ನ ಮುಂದ ತೋರಸು."

"ಮತ್ತ ಯಾರ ಕೆಲಸ ಇದು? ಹೇಳ್ರಿ. ಯಾರ ಕೆಲಸ?"

ನಾನು ಗೋಡೆ ಹಿಡಿದು ಎದ್ದೆ.

"ನಂದು," ಎಂದೆ. "ಸಾಬವ್ವಾ, ಅದು ನನ್ನ ಕಾಲು. ಹೋದ ವರ್ಷ ಗುಳ್ಳಿ ಎದ್ದಾಗ ನಾಲ್ಕು ದಿನ ಬಾವ್ಯಾಗ ಕಾಲು ಬಿಟ್ಟು ಕುಂತಿದ್ದೆ. ಉರಿ ತಡೀಲಾರದ ಕುಂತಿದ್ದೆ. ನನಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಹೇಳಲಿಲ್ಲ. ಶಾಂತವ್ವ ಏನೂ ಮಾಡಿಲ್ಲ."

ಸಾಬವ್ವ ಬೈಯಲಿಲ್ಲ. "ಅರಿವಿ ಕಟ್ಟು ಅಂದಿ. ಇದನ್ನ ಹೇಳಲಿಲ್ಲ," ಎಂದಷ್ಟೇ ಹೇಳಿ ಹೊರಟುಹೋದಳು. ನಮ್ಮ ಅಂಗಳಕ್ಕೆ ಅವಳು ಮತ್ತೆ ಕಾಲಿಟ್ಟಿಲ್ಲ. ಲಚಮಿಯ ನಾರನ್ನು ನಮ್ಮತ್ತೆ ದಿನವೂ ಅವಳ ಮನೆಗೇ ಹೋಗಿ ಸುತ್ತಿ ತೆಗೆದಳು, ಇಪ್ಪತ್ತಾರು ದಿನ, ಹರಿಯದಂತೆ. ಮಗು ಈಗ ಓಡಾಡುತ್ತಾಳೆ. ನನ್ನನ್ನು ಕಂಡರೆ ನಗುತ್ತಾಳೆ, ತಾಯಿ ಕರೆದರೆ ಓಡುತ್ತಾಳೆ.

ಆ ದಿನ ಸಂಜೆ ಯಜಮಾನರು ನನ್ನ ಎದುರು ಬಂದು ಕೂತರು. "ಆ ಡಾಕ್ಟರ್ ಏನಂದಿದ್ದ? ಮೊದಲಿಂದ ಹೇಳು."

ನನಗೆ ಬಂದ ಸಿಟ್ಟನ್ನು ಬರೆಯಲಾರೆ. ಒಂದು ವರ್ಷ ಹೇಳಿದ್ದೆ. ಏಳು ಕಾಲುಗಳು ಬೇಕಾದವು, ಅವೂ ಸಾಲಲಿಲ್ಲ. ಮಗಳ ಹೆಸರಿಗೆ ಮಸಿ ಹತ್ತಿದಾಗಲೇ ಈ ಮನುಷ್ಯನ ಕಿವಿ ತೆರೆಯಿತು. ಆದರೂ ಮೊದಲಿನಿಂದ ಹೇಳಿದೆ. ಯಾದಗಿರಿಯಲ್ಲಿ ನಾನು ಆಡಿದ ಸುಳ್ಳನ್ನೂ ಹೇಳಿದೆ. ತಲೆ ತಗ್ಗಿಸಿ ಕೇಳಿದರು. "ಹೂಂ," ಎಂದರು.

ಮರುದಿನದಿಂದ ಹದಿನೇಳು ಮೆಟ್ಟಿಲುಗಳನ್ನು ಕೆಳಗಿನಿಂದ ಒಂದೊಂದಾಗಿ ಮುಚ್ಚಿದರು. ಕಡಿದವರೇ ಕಲ್ಲು ತುಂಬಿದರು, ಯಾರನ್ನೂ ಮುಟ್ಟಗೊಡಲಿಲ್ಲ. ನೀರಿಗೆ ಇಳಿಯಲು ಬಂದ ಹೆಂಗಸರು ಮೇಲೆ ನಿಂತು ಗೊಣಗಿದರು. ಒಬ್ಬಳು, "ಮಗಳ ಹೆಸರಲೆ ಕೊಟ್ಟಿದ್ದು ಕಸಗೊಂಡ್ರಲ್ರಿ," ಎಂದಳು. ಇವರು ತಿರುಗಿ ನೋಡಲಿಲ್ಲ. ಕಡೆಗೆ ಬಾವಿಯ ಬಾಯಿಯ ಸುತ್ತ ಕಟ್ಟೆ ಏಳಬೇಕಾಯಿತು. ಮೂರು ಸಾಲು ಕಲ್ಲು ಇಟ್ಟ ಮೇಲೆ ನನ್ನನ್ನು ಕರೆಸಿದರು. ಕುಂಟುತ್ತ ಹೋದೆ.

"ಹತ್ತು ವರ್ಷದ ಹುಡುಗಿ ಬಗ್ಗಿದರ ಬೀಳಬಾರದು," ಎಂದರು. ಗಾರೆಯ ಕೈಯನ್ನು ಎದೆಯ ಕೆಳಗೆ ಅಡ್ಡ ಹಿಡಿದರು. "ಇಷ್ಟಿದ್ಲು."

ನಾಲ್ಕು ವರ್ಷಕ್ಕೂ ಮೇಲಾಗಿತ್ತು, ನಾವಿಬ್ಬರೂ ಆಕೆಯ ಬಗ್ಗೆ ಬಾವಿಯ ಮಾತಿಲ್ಲದೆ ಮಾತಾಡಿ.

"ಇಲ್ಲ," ಎಂದೆ. ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ ಕೈಯಿಟ್ಟೆ. "ಇಷ್ಟು."

"ಏನ್ ಮಾತಾಡ್ತಿ? ಆಕಿ ತೆಲಿ ಬಾಚುವಾಗ ಕುಂತಾಕಿನ್ನ ನೋಡಿದಾಕಿ ನೀ. ಹೊಲಕ್ಕ ಹೆಗಲ ಮ್ಯಾಲ ಕೈ ಇಟ್ಟು ಕರಕೊಂಡ ಹೋದಾವ ನಾನು. ನನ್ನ ಕೈಗಿ ಗೊತ್ತು."

"ಲಂಗ ಹೊಲದಾಕಿ ನಾನು. ಅಳತಿ ನನಗ ಗೊತ್ತಿಲ್ಲೇನು?"

"ಆ ಲಂಗ ಗಿಡ್ಡ ಆಗಿತ್ತು!"

"ಆಗಿರಲಿಲ್ಲ!"

ಬಾವಿಯ ಬಳಿ ನಿಂತ ಹೆಂಗಸರು ಕೊಡ ಇಳಿಸಿ ನಮ್ಮನ್ನೇ ನೋಡುತ್ತಿದ್ದರು. ನಾವು ಗಂಡ ಹೆಂಡತಿ ಕಲ್ಲುಗಳ ನಡುವೆ ಗಾಳಿಯಲ್ಲಿ ಕೈ ಹಿಡಿದು ಜಗಳಾಡುತ್ತಿದ್ದೆವು. ಅವರು ನನ್ನ ಕೈಯನ್ನು ಹಿಡಿದು ಮೇಲಕ್ಕೆತ್ತಿದರು, ನಾನು ಕೆಳಗಿಳಿಸಿದೆ. ಆಮೇಲೆ ಅವರು ಗಾರೆ ಕಲಸಲು ಕೂತರು.

ಕಟ್ಟೆ ಅವರ ಕೈಯ ಎತ್ತರಕ್ಕೇ ಏರಿತು, ಅದರ ಮೇಲೆ ಇನ್ನೊಂದು ಸಾಲನ್ನೂ ಇಟ್ಟು ರಾಟೆ ಹಾಕಿದರು. ತುಂಬಿದ ಕೊಡ ಅದರ ಮೇಲಿನಿಂದ ಎತ್ತಿ ಇಳಿಸುವಷ್ಟರಲ್ಲಿ ಹೆಂಗಸರ ರಟ್ಟೆ ಸೋಲುತ್ತದೆ. "ನಾವೇನ್ ಒಂಟಿ ಮ್ಯಾಲ ಕುಂತು ನೀರ ಸೇದಾಕ ಬರ್ತೀವೇನ್ರೀ?" ಎಂದು ದಿನಕ್ಕೊಬ್ಬರು ನನ್ನನ್ನು ಕೇಳುತ್ತಾರೆ. ಅವರು ಕೇಳುವುದು ಸರಿ. ಎರಡು ವರ್ಷದಿಂದ ನಮ್ಮ ಓಣಿಯಲ್ಲಿ ಹೊಸ ನಾರು ಕಂಡಿಲ್ಲ, ಅದೂ ಸರಿ. ಕಟ್ಟೆಯ ಮಾತು ಬಂದರೆ ನಮ್ಮ ಮನೆಯಲ್ಲಿ ಈಗಲೂ ಜಗಳವೇ. ಆಕೆ ಅಷ್ಟು ಎತ್ತರ ಇರಲಿಲ್ಲ.